ಗೋವಕ್ಕಿಯ ಮನೆತನ

ಟ್ರ್ಯಾಕ್ಟರಿನ ಹಿಂದೆ ಮೂವತ್ತೆರಡು ಬಿಳಿ ಹಕ್ಕಿಗಳಿದ್ದವು. ಎಣಿಸಿದವರು ದಾವಣಗೆರೆ ಹತ್ತಿರದ ಹದಡಿಯ ನಿವೃತ್ತ ಮೇಷ್ಟ್ರು. ಆಗಸ್ಟ್ ತಿಂಗಳ ಮೊದಲ ವಾರ. ಭದ್ರಾ ನಾಲೆಯ ನೀರು ಗದ್ದೆಗಿಳಿದು ನಾಟಿಯ ಗಡಿಬಿಡಿ ಶುರುವಾಗಿತ್ತು. ಕಬ್ಬಿಣದ ಗಾಲಿ ಮಗುಚಿದ ಕೆಸರಿನ ಮೇಲೆ ಒಂದು ಹಕ್ಕಿ ತಲೆ ಅಲ್ಲಾಡಿಸದೆ ಕತ್ತನ್ನು ಮಾತ್ರ ಎಡಕ್ಕೂ ಬಲಕ್ಕೂ ತೂಗಿತು. ಮರುಕ್ಷಣ ಫಟ್ಟನೆ ಕುಕ್ಕಿ ಸಣ್ಣ ಕಪ್ಪೆಯೊಂದನ್ನು ಎತ್ತಿಕೊಂಡಿತು. ಅದರ ತಲೆ, ಕೆನ್ನೆ, ಕತ್ತು, ಎದೆ ಎಲ್ಲವೂ ಮಾಗಿದ ಕಿತ್ತಳೆಯ ಬಣ್ಣಕ್ಕೆ ತಿರುಗಿದ್ದವು.

“ಬೆಳ್ಳಕ್ಕಿ ಮೂವತ್ತೆರಡು ಅಂತ ಬರಕೊಳ್ಳಲೋ, ಬಿಡಿಸಿ ಬರೆಯಲೋ?” ಮೇಷ್ಟ್ರು ನೋಟ್‌ಬುಕ್ಕು ತೆರೆದು ಕೇಳಿದರು.

ಕೇಳಿದ್ದು ತಮ್ಮ ಹಳೆಯ ವಿದ್ಯಾರ್ಥಿನಿಯನ್ನು. ಬೆಂಗಳೂರಿನಲ್ಲಿ ಹಕ್ಕಿಗಳ ಡಿಎನ್‌ಎ ಕುರಿತು ಸಂಶೋಧನೆ ಮಾಡುವ ಆಕೆ ಪಂಚಮಿ ಹಬ್ಬಕ್ಕೆಂದು ಊರಿಗೆ ಬಂದಿದ್ದಳು. ಮನೆಯಿಂದ ಕಟ್ಟಿಸಿಕೊಂಡು ಬಂದ ಶೇಂಗಾ ಉಂಡಿಯನ್ನು ಏರಿಯ ಕಲ್ಲಿನ ಮೇಲೆ ಬಿಚ್ಚಿಟ್ಟು ದುರ್ಬೀನು ಕಣ್ಣಿಗೇರಿಸಿದಳು.

“ಬಿಡಿಸಿಯೇ ಬರೀರಿ ಸರ್. ಇಪ್ಪತ್ತೊಂಬತ್ತು ಗೋವಕ್ಕಿ. ಬದುವಿನ ಮೇಲೆ ನಿಂತ ಎರಡು ಚಿಕ್ಕ ಬೆಳ್ಳಕ್ಕಿ, ಕಪ್ಪು ಕೊಕ್ಕು, ಹಳದಿ ಪಾದ. ಆ ಕಡೆ ಉದ್ದ ಕತ್ತಿನದು ದೊಡ್ಡ ಬೆಳ್ಳಕ್ಕಿ.”

“ಮೂರೂ ಒಂದೇ ಮನೆತನದವು ಅಂತ ನಾನು ನಿಮಗೆ ಪಾಠ ಮಾಡಿದ್ದೆ.”

“ಆಗ ಪುಸ್ತಕಗಳೂ ಹೆಚ್ಚುಕಡಿಮೆ ಹಾಗೇ ಹೇಳ್ತಿದ್ದವು ಸರ್. ಈಗ ಗದ್ದೆಯ ಆಚೆ ಮೂಲೆ ನೋಡಿ, ಬೂದು ಬಕ ನಿಂತಿದೆ. ದೊಡ್ಡ ಬೆಳ್ಳಕ್ಕಿಗೆ ಹತ್ತಿರದ ನೆಂಟ ಚಿಕ್ಕ ಬೆಳ್ಳಕ್ಕಿಯಲ್ಲ, ಆ ಬೂದು ಬಕ. ಗೋವಕ್ಕಿಯೂ ಆ ಕಡೆಯದೇ.”

ಮೇಷ್ಟ್ರು ಪೆನ್ನು ಮುಚ್ಚಿದರು. ನಲವತ್ತು ವರ್ಷ ಬಿಳಿ ಬಣ್ಣವನ್ನೇ ನೆಚ್ಚಿ ಗುಂಪು ಮಾಡಿದವರಿಗೆ ಈ ಮಾತು ಸುಲಭಕ್ಕೆ ಒಪ್ಪುವಂಥದ್ದಾಗಿರಲಿಲ್ಲ. “ಬಿಳಿ ಬಣ್ಣಕ್ಕೆ ಬೆಲೆಯೇ ಇಲ್ಲವೇನಮ್ಮಾ?” ಎಂದರು.

ಹಕ್ಕಿಯನ್ನು ಗುರುತು ಹಿಡಿಯುವುದಕ್ಕೆ ಬಣ್ಣ ಬೇಕು, ನೆಂಟಸ್ತಿಕೆ ಹೇಳುವುದಕ್ಕೆ ಅದೊಂದೇ ಸಾಲದು ಎಂದು ಆಕೆ ವಿವರಿಸಿದಳು. ಬಕಗಳ ಬಳಗದಲ್ಲಿ ಬಿಳಿ ಬಣ್ಣ ಬೇರೆ ಬೇರೆ ಕವಲುಗಳಲ್ಲಿ ಕಾಣಿಸಿಕೊಂಡಿದೆ. 1987ರಲ್ಲಿ ಫ್ರೆಡರಿಕ್ ಶೆಲ್ಡನ್ ಎಂಬ ಅಮೆರಿಕದ ವಿಜ್ಞಾನಿ ಬಕಗಳ ಡಿಎನ್‌ಎ ಹೋಲಿಸಿ ನೋಡಿದಾಗಲೇ ದೊಡ್ಡ ಬೆಳ್ಳಕ್ಕಿ ಬೂದು ಬಕದ ಕಡೆಗೆ ವಾಲಿತ್ತು. 2023ರಲ್ಲಿ ಜಿನೋಮಿನ ಸಾವಿರಾರು ತುಣುಕುಗಳನ್ನು ಓದಿ ಮಾಡಿದ ಅಧ್ಯಯನದಲ್ಲಿ ಗೋವಕ್ಕಿಯೂ ಬೂದು ಬಕದ ಆರ್ಡಿಯಾ ಕುಲದ ಒಳಗೇ ಕಂಡುಬಂತು. ಅಲ್ಲಿಯವರೆಗೆ ಗೋವಕ್ಕಿಗೆ ಬುಬುಲ್ಕಸ್ ಎಂಬ ಪ್ರತ್ಯೇಕ ಕುಲವೇ ಇತ್ತು. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ದನ ಕಾಯುವವನು ಎಂದರ್ಥ.

“ಅಂದರೆ ಲ್ಯಾಟಿನ್ನಿನಲ್ಲಿ ದನಗಾಹಿ ಹೋದ, ಕನ್ನಡದಲ್ಲಿ ಗೋವಕ್ಕಿ ಉಳಿಯಿತು.”

“ಉಳಿಯಲೇಬೇಕು ಸರ್. ಆ ಹೆಸರು ಹಕ್ಕಿಯ ಬದುಕು ನೋಡಿ ಇಟ್ಟದ್ದು. ಬದುಕೇನೂ ಬದಲಾಗಿಲ್ಲವಲ್ಲ.”

ಇಷ್ಟಕ್ಕೇ ಮುಗಿಯಲಿಲ್ಲ. ಜಗತ್ತಿಗೆಲ್ಲ ಒಂದೇ ಎಂದಿದ್ದ ಗೋವಕ್ಕಿಯನ್ನು ಈಗಿನ ಪಟ್ಟಿಗಳು ಪಶ್ಚಿಮದ್ದು, ಪೂರ್ವದ್ದು ಎಂದು ಎರಡು ಪ್ರಭೇದ ಮಾಡಿವೆ. ಆಫ್ರಿಕಾ ಮತ್ತು ಯುರೋಪಿನ ಹಕ್ಕಿಗೆ ಮರಿಗಾಲದಲ್ಲಿ ನೆತ್ತಿ, ಎದೆ, ಬೆನ್ನಿನ ಮೇಲಷ್ಟೇ ಬಣ್ಣ ಹತ್ತುತ್ತದೆ. ನಮ್ಮದಕ್ಕೆ ಕೆನ್ನೆ, ಕತ್ತು ಸೇರಿ ಪೂರಾ ಕಿತ್ತಳೆ. ನಮ್ಮದರ ಹೆಸರಿನ ಕೊರೊಮಾಂಡಾ ಎಂಬ ಭಾಗ ಕೋರಮಂಡಲ ತೀರದಿಂದ ಬಂದದ್ದು, 1783ರಷ್ಟು ಹಳೆಯದು. ಕಣ್ಣಿಗೆ ಕಾಣುವ ಈ ವ್ಯತ್ಯಾಸವೇ ಆ ವಿಂಗಡಣೆಯ ಮುಖ್ಯ ಆಧಾರ. ಇಲ್ಲಿ ಕಣ್ಣು ಬೇರೆ ಮಾಡಿತು, ವಂಶವಾಹಿ ಕುಲ ಬದಲಿಸಿತು. ಒಂದು ಹಕ್ಕಿಯ ಮೇಲೆ ಎರಡೂ ಕೆಲಸ ನಡೆದಿವೆ.

ಡಿಎನ್‌ಎ ಹೋಲಿಸುವುದೆಂದರೆ ಹೇಗೆ ಎಂದು ಮೇಷ್ಟ್ರು ಕೇಳಿದಾಗ ಆಕೆ ದಾವಣಗೆರೆಯ ಹತ್ತಿ ಗಿರಣಿಗಳ ಕಾಲವನ್ನೇ ನೆನಪಿಸಿದಳು. ಎರಡೆಳೆ ಹುರಿ ಮಾಡಿದ ನೂಲು ಡಿಎನ್‌ಎ ಎಂದುಕೊಳ್ಳಿ. ಬಿಸಿ ಮಾಡಿದರೆ ಹುರಿ ಬಿಚ್ಚಿ ಎಳೆಗಳು ಬೇರೆಯಾಗುತ್ತವೆ. ಒಂದು ಹಕ್ಕಿಯ ಎಳೆಯನ್ನು ಇನ್ನೊಂದು ಹಕ್ಕಿಯ ಎಳೆಯ ಜೊತೆ ಸೇರಿಸಿ ತಣ್ಣಗೆ ಮಾಡಿದರೆ ಹೊಂದುವ ಕಡೆಯೆಲ್ಲ ಮತ್ತೆ ಹೆಣೆದುಕೊಳ್ಳುತ್ತವೆ. ಪುನಃ ಬಿಸಿ ಮಾಡಿ ಎಷ್ಟು ಶಾಖಕ್ಕೆ ಬಿಚ್ಚುತ್ತವೆ ಎಂದು ನೋಡಬೇಕು. ಹತ್ತಿರದ ನೆಂಟರಾದರೆ ಹೆಣಿಗೆ ಬಿಗಿ, ಹೆಚ್ಚು ಶಾಖ ಬೇಕು. ದೂರದವರಾದರೆ ಬೇಗ ಸಡಿಲ. ಚಾರ್ಲ್ಸ್ ಸಿಬ್ಲಿ ಮತ್ತು ಜಾನ್ ಆಲ್‌ಕ್ವಿಸ್ಟ್ ಇದೇ ಉಪಾಯದಿಂದ ಸುಮಾರು 1,700 ಪ್ರಭೇದಗಳನ್ನು ಪರೀಕ್ಷಿಸಿ 1990ರಲ್ಲಿ ಹಕ್ಕಿಗಳ ವರ್ಗೀಕರಣವನ್ನೇ ಹೊಸದಾಗಿ ಬರೆದರು.

“ಅದೇ ಕೊನೆ ಮಾತಾಯ್ತೇ?”

“ಇಲ್ಲ ಸರ್. ಅದರಲ್ಲಿ ಎಷ್ಟೋ ಉಳಿಯಿತು, ಎಷ್ಟೋ ಬಿದ್ದುಹೋಯಿತು. ಅಮೆರಿಕದ ರಣಹದ್ದುಗಳನ್ನು ಅವರು ಕೊಕ್ಕರೆಗಳ ಕುಟುಂಬಕ್ಕೆ ಸೇರಿಸಿದ್ದರು. ಆಮೇಲೆ ಡಿಎನ್‌ಎಯನ್ನು ಅಕ್ಷರ ಅಕ್ಷರವಾಗಿ ಓದಲು ಬಂದಾಗ ಅದು ತಪ್ಪು ಅಂತಾಯ್ತು. ವಂಶವಾಹಿಯ ಸಾಕ್ಷ್ಯವನ್ನು ಸರಿಪಡಿಸಿದ್ದೂ ವಂಶವಾಹಿಯ ಸಾಕ್ಷ್ಯವೇ.”

ಕೆರೆಯ ಕಡೆಯಿಂದ ಗುಳುಮುಳುಕ ಕೂಗಿತು. ಮಳೆಗಾಲಕ್ಕೆ ಅದರ ಕತ್ತು ಕಂದುಗೆಂಪಾಗಿದೆ. ಮುಳುಗಿತು, ಇನ್ನೆಲ್ಲೋ ಎದ್ದಿತು. ಬಾತುಕೋಳಿಯ ಮರಿಯಂತೆ ಕಾಣುವ ಈ ಹಕ್ಕಿಗೆ ಜಗತ್ತಿನಲ್ಲಿ ಅತಿ ಹತ್ತಿರದ ನೆಂಟ ಯಾರಿರಬಹುದು ಎಂದು ಆಕೆ ಕೇಳಿದಳು. ಮೇಷ್ಟ್ರು ಬಾತು ಎಂದರು, ನೀರುಕಾಗೆ ಎಂದರು. ಆಕೆ ತಲೆಯಾಡಿಸಿದಳು.

“ರಾಜಹಂಸ ಸರ್. ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿಗೆ ಬರುತ್ತದಲ್ಲ, ಮಾರುದ್ದ ಕಾಲಿನ ಗುಲಾಬಿ ಹಕ್ಕಿ, ಅದು.”

2001ರಲ್ಲಿ ಈ ಮಾತು ಮೊದಲು ಬಂದಾಗ ನಂಬಿದವರು ಕಡಿಮೆ. ಒಂದಕ್ಕೆ ಮೊಣಕಾಲುದ್ದ ನೀರಿನಲ್ಲಿ ನಡೆಯುವ ಕಾಲು, ಇನ್ನೊಂದಕ್ಕೆ ಮುಳುಗಿ ಈಜುವ ಕಾಲು. ಆದರೆ ಬೇರೆ ಬೇರೆ ವಂಶವಾಹಿಗಳನ್ನು ನೋಡಿದಾಗಲೂ ಅದೇ ಉತ್ತರ ಬಂತು. ಆಗ ಮೂಳೆ, ಮೊಟ್ಟೆ ನೋಡುವ ಪಂಡಿತರು ಮತ್ತೊಮ್ಮೆ ಕೂತು ಪರೀಕ್ಷಿಸಿದರು. ಎರಡರ ಮೊಟ್ಟೆಯ ಮೇಲೂ ಸುಣ್ಣ ಬಳಿದಂಥ ಒಂದೇ ಬಗೆಯ ಪದರ ಇತ್ತು. ಆ ಸುಣ್ಣ ಮೊದಲೂ ಇತ್ತು, ಅದನ್ನು ನೆಂಟಸ್ತಿಕೆಯ ಗುರುತೆಂದು ಓದಲು ಕಾರಣ ಬೇಕಿತ್ತು ಅಷ್ಟೇ. ಗುಳುಮುಳುಕದ ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾಗುವುದು ಇದೇ. ಪ್ರಯೋಗಾಲಯ ಹೇಳಿದ್ದನ್ನು ಕೇಳಿ ಕಣ್ಣು ಇನ್ನಷ್ಟು ಚುರುಕಾಯಿತು.

ಚಾಣದ ವಿಷಯವೂ ಹೀಗೆಯೇ. ಚಳಿಗಾಲದಲ್ಲಿ ಹದಡಿಯ ಹೊಲಗಳ ಮೇಲೆ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುವ ಚಾಣಕ್ಕೂ ಊರ ಮೇಲೆ ಸುತ್ತುವ ಹದ್ದಿಗೂ ಕೊಕ್ಕು ಬಾಗಿದೆ, ಉಗುರು ಚೂಪು. ಒಂದೇ ಗುಂಪು ಎಂದು ಯಾರಾದರೂ ಹೇಳುತ್ತಾರೆ. 2008ರಲ್ಲಿ ಬಂದ ದೊಡ್ಡ ಅಧ್ಯಯನ ಮತ್ತು 2014ರಲ್ಲಿ 48 ಹಕ್ಕಿಗಳ ಪೂರ್ಣ ಜಿನೋಮ್ ಓದಿದ ಅಧ್ಯಯನ ಎರಡೂ ಚಾಣಗಳನ್ನು ಹದ್ದುಗಳಿಂದ ಬಿಡಿಸಿ ಗಿಳಿ, ಗುಬ್ಬಿಗಳ ಹತ್ತಿರ ಕೂರಿಸಿದವು. ಮಾಂಸ ಹರಿಯುವ ಕಸುಬು ಕೊಕ್ಕನ್ನು ಬಗ್ಗಿಸುತ್ತದೆ. ಒಂದೇ ಕಸುಬು ಮಾಡಿದ ಮಾತ್ರಕ್ಕೆ ಒಂದೇ ತಾಯಿಯ ಮಕ್ಕಳಾಗಬೇಕಿಲ್ಲ.

ಅಷ್ಟರಲ್ಲಿ ಟ್ರ್ಯಾಕ್ಟರು ನಿಂತಿತು. ಗದ್ದೆಯ ರೈತರು ಕೈಕಾಲು ತೊಳೆದು ಏರಿ ಹತ್ತಿ ಬಂದರು.

“ಮೇಷ್ಟ್ರೇ, ಹೆಸರು ಯಾವುದಾದ್ರೆ ಏನ್ರಿ? ನಮ್ಮ ಸಸಿ ಕಿತ್ತು ಹಾಕೋ ಆ ನೀಲಿ ಕೋಳಿದು ಏನಾದ್ರೂ ಮಾಡ್ರಿ.”

ಅವರು ಬೆರಳು ತೋರಿದ ಕಡೆ ಆಪಿನ ನಡುವೆ ಜಂಬುಕೋಳಿಯೊಂದು ನಿಂತಿತ್ತು. ಕೋಳಿಯಷ್ಟು ದಪ್ಪ, ನೀಲಿ ಮೈ, ಕೆಂಪು ಕೊಕ್ಕು. ಒಂದು ದಂಟನ್ನು ಮುರಿದು ಉದ್ದ ಬೆರಳಿನ ಪಾದದಲ್ಲಿ ಹಿಡಿದು, ಗಿಳಿಯ ಹಾಗೆ ಬಾಯಿಗೆ ತಂದು ಬುಡದ ಎಳಸನ್ನು ಜಗಿಯುತ್ತಿತ್ತು. ಹೆಜ್ಜೆ ಇಟ್ಟಾಗಲೆಲ್ಲ ಬಾಲ ಎತ್ತಿ ಕೆಳಗಿನ ಬಿಳಿ ತೋರಿಸುತ್ತಿತ್ತು.

“ಅಣ್ಣಾ, ನಿಮ್ಮ ಈ ಕೋಳಿಯ ಕಥೆ ದೊಡ್ಡದು,” ಎಂದಳು ಆಕೆ. ಸ್ಪೇನಿನಿಂದ ಆಫ್ರಿಕಾ, ಭಾರತ, ಆಸ್ಟ್ರೇಲಿಯಾದವರೆಗೆ ಇರುವುದೆಲ್ಲ ಒಂದೇ ಜಂಬುಕೋಳಿ ಎಂದು ಬಹುಕಾಲ ತಿಳಿದಿದ್ದರು. 2015ರಲ್ಲಿ ಬೇರೆ ಬೇರೆ ನಾಡಿನ ಹಕ್ಕಿಗಳ ಡಿಎನ್‌ಎ ಜೋಡಿಸಿ ನೋಡಿದರೆ ಲೆಕ್ಕ ತಪ್ಪಿತು. ನ್ಯೂಜಿಲೆಂಡಿನಲ್ಲಿ ಟಕಾಹೇ ಎಂಬ ಹಾರಲಾರದ ಹಕ್ಕಿ ಇದೆ. ಅಳಿದೇ ಹೋಯಿತೆಂದು ಬಿಟ್ಟಿದ್ದು 1948ರಲ್ಲಿ ಮತ್ತೆ ಸಿಕ್ಕಿತ್ತು. ಎಲ್ಲರೂ ಬೇರೆ ಎಂದು ಒಪ್ಪಿದ್ದ ಆ ಟಕಾಹೇಯ ಕವಲು ಜಂಬುಕೋಳಿಗಳ ಕವಲುಗಳ ನಡುವಿನಿಂದಲೇ ಹೊರಟಿತ್ತು. ಟಕಾಹೇ ಬೇರೆ ಪ್ರಭೇದವಾದರೆ ಉಳಿದವನ್ನೆಲ್ಲ ಒಂದೇ ಎನ್ನಲು ಬರುವುದಿಲ್ಲ. ಹಾಗಾಗಿ ಜಂಬುಕೋಳಿ ಆರು ಪ್ರಭೇದವಾಯಿತು. ನಮ್ಮದಕ್ಕೆ ಬೂದುತಲೆಯ ಜಂಬುಕೋಳಿ ಎಂಬ ಸ್ಥಾನ ಸಿಕ್ಕಿತು. ಲ್ಯಾಟಿನ್ನಿನಲ್ಲಿ ಇಂಡಿಕಸ್ ಎಂಬ ಹೆಸರಿರುವುದು ಜಾವಾದ ಕಪ್ಪುಬೆನ್ನಿನ ಹಕ್ಕಿಗೆ, ಭಾರತದ್ದಕ್ಕಲ್ಲ.

“ಆರಾದ್ರೂ ನನ್ನ ಗದ್ದೆಗೆ ಬರೋದು ಇದೇ ಅಲ್ಲವಾ ತಂಗಿ?” ರೈತರು ಬಿಡಲಿಲ್ಲ. “ಇದರಿಂದ ಯಾರಿಗೆ ಏನು ಉಪಯೋಗ ಆತು?”

ಪ್ರಶ್ನೆ ನ್ಯಾಯವಾದದ್ದು. ಉತ್ತರ ಹೇಳಿದವರು ಮೇಷ್ಟ್ರು. “ನಿಮ್ಮಪ್ಪನ ಕಾಲದಲ್ಲಿ ಎತ್ತು ಸತ್ತರೆ ರಣಹದ್ದು ಇಳೀತಿದ್ದವು, ನೆನಪಿದೆಯಾ? ಈಗ ಎಲ್ಲಿ?”

“ಕಾಣೋದೇ ಇಲ್ಲ ಬಿಡ್ರಿ.”

ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದಿಂದ ರಣಹದ್ದುಗಳ ಮೈಸೇರಿ ಮೂತ್ರಪಿಂಡ ಕೆಡಿಸುತ್ತದೆಂದು 2004ರಲ್ಲಿ ಖಚಿತವಾಯಿತು. 2006ರಲ್ಲಿ ಭಾರತ ಅದನ್ನು ದನಗಳಿಗೆ ಕೊಡುವುದನ್ನು ನಿಷೇಧಿಸಿತು. ಅದೇ ಹೊತ್ತಿಗೆ ಇನ್ನೊಂದು ಸಂಗತಿ ಬೆಳಕಿಗೆ ಬಂದಿತ್ತು. ಉದ್ದಕೊಕ್ಕಿನ ರಣಹದ್ದು ಎಂದು ಒಂದೇ ಹೆಸರಿನಲ್ಲಿ ಕರೆಯುತ್ತಿದ್ದದ್ದು ಒಂದಲ್ಲ. ಪಮೇಲಾ ರಾಸ್ಮುಸೆನ್ ಮತ್ತು ಸ್ಟೀಫನ್ ಪ್ಯಾರಿ 2001ರಲ್ಲಿ ತಲೆಬುರುಡೆ, ಕೊಕ್ಕು ಅಳೆದು ಅದು ಎರಡು ಪ್ರಭೇದ ಎಂದರು. ಡಿಎನ್‌ಎ ಆಮೇಲೆ ಅದಕ್ಕೆ ಸಾಕ್ಷಿ ಹೇಳಿತು. ಒಂದು ಬಂಡೆಯ ಮೇಲೆ ಗೂಡು ಕಟ್ಟುವುದು, ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲಿ ಇರುವಂಥದ್ದು. ಇನ್ನೊಂದು ಉತ್ತರದ ಬಯಲಿನಲ್ಲಿ, ಅಸ್ಸಾಮಿನಲ್ಲಿ ಮರದ ಮೇಲೆ ಗೂಡು ಕಟ್ಟುವ ಸಪೂರ ಕೊಕ್ಕಿನದು. ಎರಡನ್ನೂ ಒಂದೇ ಎಂದು ಎಣಿಸಿದ್ದರೆ ಒಂದು ಪೂರಾ ಅಳಿದರೂ ಗೊತ್ತಾಗುತ್ತಿರಲಿಲ್ಲ. ಪಂಜರದಲ್ಲಿ ಮರಿ ಮಾಡಿಸುವ ಕೇಂದ್ರಗಳಲ್ಲಿ ಎರಡನ್ನೂ ಕೂಡಿಸಿಬಿಡುವ ಅಪಾಯವೂ ಇತ್ತು. ಅಳಿವಿನ ಅಂಚಿನ ಹಕ್ಕಿಗೆ ಸರಿಯಾದ ಹೆಸರು ಸಿಗುವುದೆಂದರೆ ಸರ್ಕಾರದ ಕಡತದಲ್ಲಿ ಅದಕ್ಕೊಂದು ಜಾಗ ಸಿಕ್ಕಂತೆ.

ರೈತರು ಒಂದು ಉಂಡಿ ತೆಗೆದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕುಳಿತರು. “ಆ ಔಷಧಿ ನಾವೂ ಹಾಕ್ಸಿದ್ವಿ,” ಎಂದರು. “ಗೊತ್ತಿರಲಿಲ್ಲ.” ಮತ್ತೆ ಗದ್ದೆಗೆ ಇಳಿದರು.

ಗೋವಕ್ಕಿ, ಜಂಬುಕೋಳಿ, ರಣಹದ್ದು ದೊಡ್ಡ ಹಕ್ಕಿಗಳು, ದೂರದಿಂದ ಕಾಣುತ್ತವೆ. ಪಶ್ಚಿಮ ಘಟ್ಟದ ನೆತ್ತಿಯ ಶೋಲಾ ಕಾಡಿನ ಹಕ್ಕಿಗಳ ವಿಷಯ ಬೇರೆ. ಅಲ್ಲಿನ ಒಂದು ನೀಲಿ ಹಕ್ಕಿಯನ್ನು ನೋಡಬೇಕೆಂದರೆ ಮಂಜಿನಲ್ಲಿ ನೆಲಕ್ಕೆ ಕಣ್ಣು ನೆಟ್ಟು ಕೂರಬೇಕು. ತೊರೆಯ ಪಕ್ಕದ ಪೊದೆಯ ಕೆಳಗೆ ಕುಪ್ಪಳಿಸುವ ಅದು ಗುಬ್ಬಿಗಿಂತ ಅಷ್ಟೇನೂ ದೊಡ್ಡದಲ್ಲ. ಬಾಬಾಬುಡನ್‌ಗಿರಿಯಲ್ಲೂ ನೀಲಗಿರಿಯಲ್ಲೂ ಇರುವ ಇದನ್ನು 1844ರಲ್ಲಿ ಹೆಸರಿಸಿದ ಪಕ್ಷಿತಜ್ಞ ಜೆರ್ಡನ್, ಕೆಂಬಾಲದ ಹಕ್ಕಿಗಳ ಕುಲಕ್ಕೆ ಸೇರಿಸಿದ. ಮುಂದೆ ಅದು ಹಿಮಾಲಯದ ಮೋಟುರೆಕ್ಕೆ ಹಕ್ಕಿಗಳ ಕುಲಕ್ಕೆ ಹೋಯಿತು. ಅಲ್ಲಿಂದ ಇನ್ನೊಂದಕ್ಕೆ. ಬಾಡಿಗೆ ಮನೆ ಬದಲಿಸುತ್ತಲೇ ಇದ್ದ ಹಾಗೆ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್, ಅವರ ಜೊತೆ ವರ್ಷಗಟ್ಟಲೆ ಬೆಟ್ಟ ಹತ್ತಿದ ವಿ. ವಿ. ರಾಬಿನ್ ಮತ್ತು ಸಂಗಡಿಗರು ಇದರ ವಂಶವನ್ನು ಬೆನ್ನಟ್ಟಿದರು. 2017ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು. ಈ ಹಕ್ಕಿ ಹಿಮಾಲಯದ ಮೋಟುರೆಕ್ಕೆಯ ನೆಂಟನಲ್ಲ, ನೊಣಹಿಡುಕಗಳ ಬಳಗದ್ದು, ಅಲ್ಲಿಯೂ ಯಾವ ಕುಲಕ್ಕೂ ಸೇರದೆ ಘಟ್ಟದಲ್ಲೇ ಬೇರೆಯಾಗಿ ಬೆಳೆದದ್ದು. ಅದಕ್ಕೆ ಶೋಲಿಕೋಲಾ ಎಂಬ ಹೊಸ ಕುಲ ಬಂತು, ಶೋಲಾದಲ್ಲಿ ವಾಸಿಸುವುದು ಎಂಬ ಅರ್ಥದಲ್ಲಿ. ಘಟ್ಟದ ನಗೆಮಲ್ಲ ಹಕ್ಕಿಗಳಿಗೂ ಮಾಂಟೆಸಿಂಕ್ಲಾ ಎಂಬ ಪ್ರತ್ಯೇಕ ಕುಲವಾಯಿತು. ತಮಿಳುನಾಡು–ಕೇರಳದ ತೆಂಕಣ ತುದಿಯ ಅಶಂಬು ಬೆಟ್ಟಗಳ ನೀಲಿ ಹಕ್ಕಿಯನ್ನು ಅವರು ಹೊಸ ಪ್ರಭೇದವೆಂದೇ ವಿವರಿಸಿದರು.

“ಇದಕ್ಕಾಗಿ ಬಲೆ ಹಾಕಿ ಹಕ್ಕಿ ಹಿಡಿಯುವ ಕೆಲಸ ನೀನು ನೋಡಿದ್ದೀಯಾ?”

“ಬೇರೆ ತಂಡದ ಜೊತೆ ಒಮ್ಮೆ ಹೋಗಿದ್ದೆ ಸರ್. ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಒಂದು ಗರಿಯನ್ನೂ ಮುಟ್ಟುವಂತಿಲ್ಲ.” ಆಕೆ ಬಲಗೈಯನ್ನು ಬಟ್ಟಲಿನಂತೆ ಮಾಡಿ ತೋರಿಸಿದಳು. ಕತ್ತು ಎರಡು ಬೆರಳಿನ ನಡುವೆ, ಬೆನ್ನು ಅಂಗೈಗೆ. ಬಿಗಿ ಹಿಡಿದರೆ ಉಸಿರು ಕಟ್ಟುತ್ತದೆ, ಸಡಿಲಾದರೆ ಹಾರಿಹೋಗುತ್ತದೆ. ರೆಕ್ಕೆ ಬಿಡಿಸಿ ಉಫ್ ಎಂದು ಊದಿದರೆ ತುಪ್ಪಳ ಸರಿದು ನೂಲಿನಂಥ ನೀಲಿ ನರ ಕಾಣುತ್ತದೆ. ಸೂಜಿಯ ತುದಿ ತಾಗಿಸಿದರೆ ಒಂದು ಹನಿ ರಕ್ತ. ಅದನ್ನು ಗಾಜಿನ ಸಣ್ಣ ಕೊಳವೆ ತಾನೇ ಹೀರಿಕೊಳ್ಳುತ್ತದೆ. ಹತ್ತಿ ಒತ್ತಿ, ಕಾಲಿಗೆ ಉಂಗುರ ಹಾಕಿ ಅಂಗೈ ತೆರೆಯಬೇಕು. “ಅದರ ಎದೆ ಬಡಿತ ನನ್ನ ಕಿರುಬೆರಳಿಗೆ ತಾಗ್ತಿತ್ತು ಸರ್. ಮರೆಯೋಕೆ ಆಗಲ್ಲ.”

ಪಾಲಕ್ಕಾಡಿನ ಹತ್ತಿರ ಘಟ್ಟಸಾಲು ಒಮ್ಮೆಲೇ ತಗ್ಗಾಗಿ ಮೂವತ್ತು–ನಲವತ್ತು ಕಿಲೋಮೀಟರ್ ಅಗಲದ ಕಣಿವೆಯಾಗುತ್ತದೆ. ಮನುಷ್ಯರಿಗೆ ಅದು ರೈಲು, ಬಸ್ಸು ಓಡಾಡುವ ಬಾಗಿಲು. ತಣ್ಣನೆಯ ಶೋಲಾ ಬಿಟ್ಟಿರಲಾರದ ಈ ಪುಟ್ಟ ಹಕ್ಕಿಗೆ ಅದು ಸಮುದ್ರ. ಈಚೆಯದು, ಆಚೆಯದು ಲಕ್ಷಾಂತರ ವರ್ಷಗಳಿಂದ ಬೆರೆತಿಲ್ಲ. ನೋಡುವ ಕಣ್ಣಿಗೆ ಹೊಟ್ಟೆಯ ಬಣ್ಣದಲ್ಲಿ ತುಸು ವ್ಯತ್ಯಾಸ ಕಾಣುತ್ತಿತ್ತು. ಅಷ್ಟು ದೀರ್ಘ ಅಗಲಿಕೆಯನ್ನು ಹೇಳಿದ್ದು ಆ ಒಂದು ಹನಿ ರಕ್ತ. ಇದು ನಮ್ಮ ನಾಡಿನ ನೆಲದ ಚರಿತ್ರೆಯೂ ಹೌದು, ಶಾಸನ, ತಾಳೆಗರಿಗಳಿಗಿಂತ ಎಷ್ಟೋ ಹಿಂದಿನದು.

ಮೇಷ್ಟ್ರಿಗೆ ಒಂದು ಅನುಮಾನ ಉಳಿದಿತ್ತು. “ಎಲ್ಲವನ್ನೂ ಹೀಗೆ ಸೀಳುತ್ತ ಹೋದರೆ ಕೊನೆ ಎಲ್ಲಿ?”

ವಿಜ್ಞಾನಿಗಳಲ್ಲೂ ಇದೇ ಜಗಳ. ಬೇರೆ ಬೇರೆ ಸಂಸ್ಥೆಗಳ ಪಟ್ಟಿಗಳನ್ನು ಹೊಂದಿಸಿ 2025ರಲ್ಲಿ ಬಂದ ಏವಿಲಿಸ್ಟ್ ಎಂಬ ಜಾಗತಿಕ ಪಟ್ಟಿಯಲ್ಲಿ 11,131 ಹಕ್ಕಿ ಪ್ರಭೇದಗಳಿವೆ. ಪ್ರಭೇದ ಎಂಬುದರ ವ್ಯಾಖ್ಯಾನವನ್ನೇ ಬದಲಿಸಿ ಎಣಿಸಿದರೆ ಸುಮಾರು 18,000 ಆಗಬಹುದೆಂದು 2016ರಲ್ಲಿ ಅಮೆರಿಕದ ಕೆಲವರು ವಾದಿಸಿದ್ದಾರೆ. ಡಿಎನ್‌ಎ ಸೀಳುವುದಷ್ಟೇ ಅಲ್ಲ, ಕೂಡಿಸುವುದೂ ಉಂಟು. ಉತ್ತರದ ಹಿಮನಾಡುಗಳ ರೆಡ್‌ಪೋಲ್ ಎಂಬ ಪುಟ್ಟ ಹಕ್ಕಿಗಳನ್ನು ಮೂರು ಪ್ರಭೇದ ಎನ್ನುತ್ತಿದ್ದರು. ಜಿನೋಮ್ ಓದಿದಾಗ ಅವುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. 2024ರಲ್ಲಿ ಮೂರನ್ನೂ ಒಂದು ಮಾಡಿದರು. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎ ಒಂದನ್ನೇ ನೆಚ್ಚಿದರೆ ಅರ್ಧ ಕಥೆ ಕೇಳಿ ತೀರ್ಪು ಕೊಟ್ಟಂತೆ. ಹಾಡು, ಬಣ್ಣ, ಗೂಡು, ನೆಲೆ, ರಕ್ತ ಎಲ್ಲದರ ಸಾಕ್ಷಿಯನ್ನೂ ಕೇಳಬೇಕು. ಸರಿಯಾದ ವರ್ಗೀಕರಣ ಅದೊಂದೇ ಎಂದು ಆಕೆ ಖಡಾಖಂಡಿತವಾಗಿ ಹೇಳಿದಳು.

ಹಿಂದಿರುಗುವ ದಾರಿಯಲ್ಲಿ ಹಳೆಯ ಕಲ್ಲುಗೋಡೆಯ ಮೇಲೆ ಕಪ್ಪು ಹಕ್ಕಿಯೊಂದು ಬಾಲ ನೆಟ್ಟಗೆ ನಿಗುರಿಸಿ ಕೂತಿತ್ತು. ಬಾಲದ ಬುಡದಲ್ಲಿ ಇಟ್ಟಿಗೆ ಕೆಂಪು.

“ಚಿಟ್ಟು ಮಡಿವಾಳ,” ಎಂದರು ಮೇಷ್ಟ್ರು. “ಇದನ್ನೂ ಎಲ್ಲಿಗೋ ಸಾಗಿಸಿದ್ದೀರಾ?”

ಆಕೆಯ ಮುಖ ಅರಳಿತು. “ಸಾಗಿಸಿದ್ದಾರೆ ಸರ್, ಮಡಿವಾಳನ ಮನೆಗೇ! ಮೊದಲು ಇದಕ್ಕೆ ಸ್ಯಾಕ್ಸಿಕೊಲಾಯ್ಡಿಸ್ ಅಂತ ಬೇರೆ ಕುಲ ಇತ್ತು. ಡಿಎನ್‌ಎ ನೋಡಿದ ಮೇಲೆ ಮಡಿವಾಳ ಹಕ್ಕಿ, ಶಾಮಗಳ ಕಾಪ್ಸಿಕಸ್ ಕುಲಕ್ಕೇ ಸೇರಿಸಿದರು. ಕನ್ನಡದಲ್ಲಿ ಹೆಸರಿಟ್ಟವರು ಎರಡನ್ನೂ ಮಡಿವಾಳ ಅಂತ ಮೊದಲೇ ಕರೆದಿದ್ದರು.”

ಮೇಷ್ಟ್ರು ಅಲ್ಲೇ ನಿಂತು ಆ ಹಕ್ಕಿಯನ್ನು ಮತ್ತೊಮ್ಮೆ, ತುಂಬ ಹೊತ್ತು ನೋಡಿದರು. ಆಮೇಲೆ ನೋಟ್‌ಬುಕ್ಕಿನ ಹಳೆಯ ಪುಟಗಳನ್ನು ಮಗುಚಿ, ತಾವು ಬರೆದದ್ದರಲ್ಲಿ ಎಷ್ಟನ್ನು ಹೊಡೆದುಹಾಕಬೇಕು ಎಂದು ಕೇಳಿದರು.

“ಒಂದನ್ನೂ ಹೊಡೀಬೇಡಿ ಸರ್. ತಾರೀಖು ಇದೆ, ಜಾಗ ಇದೆ, ಕತ್ತಿನ ಬಣ್ಣ ಸಹ ಬರೆದಿದ್ದೀರಿ. ಹೆಸರು ಬದಲಾದರೂ ಆ ಬಣ್ಣ ನೋಡಿ ಯಾವ ಹಕ್ಕಿ ಅಂತ ಇವತ್ತೂ ಹೇಳಬಹುದು. ಬರೀ ‘ಬೆಳ್ಳಕ್ಕಿ’ ಅಂತ ಬರೆದ ಪುಟದಿಂದ ಅದು ಆಗಲ್ಲ.”

ಹದಡಿ, ಕುಂದವಾಡ, ಕೊಂಡಜ್ಜಿ ಕೆರೆಗಳ ಏರಿಯ ಮೇಲೆ ದಿನವೂ ನಡೆದಾಡುವವರು ಬಹಳ ಮಂದಿ ಇದ್ದಾರೆ. ನೀವೂ ಅವರಲ್ಲೊಬ್ಬರಾದರೆ ಒಂದು ನೋಟ್‌ಬುಕ್ಕು ಇಟ್ಟುಕೊಳ್ಳಿ. ನಿಮಗೆ ಗೊತ್ತಿರುವ ಕನ್ನಡದ ಹೆಸರಿನಲ್ಲೇ ಬರೆಯಿರಿ, ಜೊತೆಗೆ ತಾರೀಖು, ಜಾಗ, ಕೊಕ್ಕು, ಕಾಲು, ಕತ್ತಿನ ಬಣ್ಣ, ಕೇಳಿದ ಕೂಗು ಇಷ್ಟನ್ನು ತಪ್ಪದೆ ಸೇರಿಸಿ. ಮೇಷ್ಟ್ರು ಆ ದಿನ ಬರೆದದ್ದು ಇಷ್ಟು: ಹದಡಿ ಕೆರೆಯ ಕೆಳಗಿನ ಗದ್ದೆ, ಬೆಳಗಿನ ಏಳು ಗಂಟೆ. ಗೋವಕ್ಕಿ 29, ಅದರಲ್ಲಿ ಕೆನ್ನೆ, ಕತ್ತು ಪೂರಾ ಕಿತ್ತಳೆ ಆದವು 11.